ಮೊದಲ ಅಚ್ಚಿನ ಬಗ್ಗಿ

ಹೊಲಿಗೆ ಯಂತ್ರವನ್ನು ರಿಪೇರಿಗೆ ತರುವವರೆಲ್ಲ ಸುಳ್ಳು ಹೇಳುತ್ತಾರೆ. "ನಾನೇನೂ ಮಾಡಿಲ್ಲ, ತಾನಾಗೇ ನಿಂತೋಯ್ತು" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಅಡುಗೆ ಎಣ್ಣೆ ಹುಯ್ದಿರುತ್ತಾರೆ, ಅದು ಅಂಟಾಗಿ ಗಟ್ಟಿಯಾಗಿ ಯಂತ್ರದ ಉಸಿರು ಕಟ್ಟಿರುತ್ತದೆ. ಅದಕ್ಕೇ ನಮ್ಮಪ್ಪ ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿಟ್ಟಿದ್ದ. ಮೊದಲು ಬಿಚ್ಚಬೇಕು, ಆಮೇಲೆ ಕೇಳಬೇಕು. ಅಪ್ಪ ಹೋಗಿ ಬಹಳ ವರ್ಷವಾಯಿತು. ಅಂಗಡಿ ಈಗ ನನ್ನದು, ಪದ್ಧತಿ ಮಾತ್ರ ಅವನದೇ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಆ ಮೇಜಿನ ಮುಂದೆ ಕೂತೇ ಕೂದಲು ಬಿಳಿ ಮಾಡಿಕೊಂಡವಳು ನಾನು. ಯಂತ್ರಗಳ ಜೊತೆ ನನಗೆ ಜಗಳ ಕಡಿಮೆ, ಮನುಷ್ಯರ ಜೊತೆ ಜಾಸ್ತಿ.

ಗುಜರಿಯವನು ವಾರಕ್ಕೊಮ್ಮೆ ಗಾಡಿ ತಳ್ಳಿಕೊಂಡು ನಮ್ಮ ಬೀದಿಗೆ ಬರುತ್ತಾನೆ. ಹಲ್ಲುಚಕ್ರ, ಸ್ಪ್ರಿಂಗು, ಸ್ಕ್ರೂ ಇರುವ ಏನೇ ಸಿಕ್ಕಲಿ, ನನಗೆ ತೋರಿಸದೆ ಮುಂದೆ ಹೋಗುವುದಿಲ್ಲ. ಅವತ್ತು ಬೆಳಿಗ್ಗೆ ಗೋಣಿಚೀಲಕ್ಕೆ ಕೈ ಹಾಕಿ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟ.

"ಅಕ್ಕಾ, ಇದೇನೋ ಆಟದ ಸಾಮಾನು. ಮೋಟಾರಿದೆ ನೋಡಿ, ನಿಮ್ಗೆ ಉಪಯೋಗಕ್ಕೆ ಬರಬಹುದು."

ಅದು ರಿಮೋಟಿನಲ್ಲಿ ಓಡಿಸುವ ಬಗ್ಗಿ. ಮಣ್ಣಿನಲ್ಲಿ, ಮರಳಿನಲ್ಲಿ ನೆಗೆದು ಓಡುವ ಚಿಕ್ಕ ಕಾರು. ಮೇಲಿನ ಹೊದಿಕೆ ಇರಲಿಲ್ಲ. ಮುಂದಿನ ಚಕ್ರ ಹಿಡಿಯುವ ಒಂದು ತೋಳು ಮುರಿದು ನೇತಾಡುತ್ತಿತ್ತು. ಹಿಂದಿನ ಚಕ್ರಗಳ ಮುಳ್ಳುಗಳು ಸವೆದು ಮೊಂಡಾಗಿದ್ದವು. ಗುಜರಿ ಗಾಡಿಯ ತುಕ್ಕುಪುಡಿ ಮೈತುಂಬ ಮೆತ್ತಿತ್ತು. ಹಾಗಿದ್ದರೂ ತಳದ ಆ ದೋಣಿಯಂಥ ಆಕಾರ ನೋಡಿದ ತಕ್ಷಣ ಗುರುತು ಹತ್ತಿತು. ನನ್ನ ತಮ್ಮನ ಹತ್ತಿರ ಇಂಥದ್ದೇ ಇತ್ತು.

ತಮ್ಮ ಮನೆ ಬಿಟ್ಟು ಹೋದದ್ದು ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ. ಒಬ್ಬ ದರ್ಜಿಯ ಯಂತ್ರ ಹೇಳಿದ ಹೊತ್ತಿಗೆ ತಯಾರಾಗಿರಲಿಲ್ಲ. ತಮ್ಮ ಇಡೀ ದಿನ ಅಂಗಡಿಯ ಲೇತಿನ ಮೇಲೆ ತನ್ನ ಬಗ್ಗಿಗೆ ಚಕ್ರದ ಆಕ್ಸಲ್ ಕಡೆಯುತ್ತ ಕೂತಿದ್ದ. ಅಪ್ಪನಿಗೆ ಎಲ್ಲಿತ್ತೋ ಸಿಟ್ಟು, ದರ್ಜಿಯ ಎದುರಿಗೇ ಬಗ್ಗಿಯನ್ನೆತ್ತಿ ಬೀದಿಗೆ ಎಸೆದ. ತಮ್ಮ ಎದ್ದುಹೋಗಿ, ಚೂರುಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಂಡು ಹೊರಟ. "ಸಂಜೆ ಹಸಿವಾದ್ರೆ ತಾನೇ ಬರ್ತಾನೆ ಬಿಡು" ಎಂದ ಅಪ್ಪ. ಆ ಸಂಜೆ ಇವತ್ತಿನವರೆಗೂ ಬಂದಿಲ್ಲ. ಹುಡುಕುವುದನ್ನೆಲ್ಲ ಹುಡುಕಿ ಸುಸ್ತಾಗಿ ಕೈಚೆಲ್ಲಿದೆವು. ಅಪ್ಪ ಸತ್ತಾಗಲೂ ಅವನಿಗೆ ತಿಳಿಸಲು ನಮ್ಮ ಹತ್ತಿರ ವಿಳಾಸವಿರಲಿಲ್ಲ.

ಗುಜರಿಯವನು ಆ ಕಡೆ ಹೋಗುತ್ತಿದ್ದಂತೆ ಅಮ್ಮ ಒಳಗಿನಿಂದ ಚಹಾ ತಂದಳು. ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಮೇಜಿನ ಮೇಲಿದ್ದದ್ದನ್ನು ನೋಡಿ ಲೋಟ ಹಿಡಿದ ಅವಳ ಕೈ ಅಲ್ಲೇ ನಿಂತಿತು.

"ಮರೀದೇನೇ ಅದು?" ತಮ್ಮನನ್ನು ಅವಳು ಕರೆಯುತ್ತಿದ್ದದ್ದು ಮರಿ ಎಂದೇ.

"ಸುಮ್ನಿರಮ್ಮ. ಇಂಥವು ಊರ ತುಂಬ ಇವೆ."

"ಹೌದೋ ಅಲ್ವೋ ನೋಡಿ ಹೇಳು." ಅಷ್ಟು ಹೇಳಿ ಲೋಟವನ್ನು ದೂರದಲ್ಲಿಟ್ಟು ಒಳಗೆ ಹೋದಳು. ಬಗ್ಗಿಯ ಹತ್ತಿರಕ್ಕೂ ಬರಲಿಲ್ಲ.

ಆಸೆ ಎನ್ನುವುದರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಇಷ್ಟು ವರ್ಷ ಬಾಗಿಲು ಬಡಿದ ಸದ್ದಿಗೆಲ್ಲ ಅಮ್ಮ ಕತ್ತೆತ್ತುವುದನ್ನು ನೋಡಿದ್ದೇನೆ. ಬಂದವರು ಹಾಲಿನವರೋ, ಕರೆಂಟಿನವರೋ ಆಗಿರುತ್ತಿದ್ದರು. ಆಸೆ ಅವಳ ಎಲುಬನ್ನು ಹುಳುವಿನ ಹಾಗೆ ತಿಂದುಹಾಕಿದೆ. ಹಾಗಾಗಿ ನನ್ನ ಉದ್ದೇಶ ಒಂದೇ ಆಗಿತ್ತು. ಇದು ಅವನದಲ್ಲ ಎಂದು ಖಾತ್ರಿ ಮಾಡಿಕೊಂಡು, ಅಮ್ಮನಿಗೆ ಹೇಳಿ, ಮುಂದಿನ ವಾರ ಅದೇ ಗಾಡಿಗೆ ಹಾಕಿ ಕೈ ತೊಳೆದುಕೊಳ್ಳುವುದು.

ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಹಳೆಯ ರಿಮೋಟ್ ಕಾರು, ವಿಮಾನ ಮಾರುವ ಅಂಗಡಿಯೊಂದಿದೆ. ಅದರ ಮಾಲೀಕನಿಗೆ ಎಲ್ಲರೂ ಟೋಪಿ ಎನ್ನುತ್ತಾರೆ. ತಲೆಯ ಮೇಲೆ ಸದಾ ಟೋಪಿ ಇರುತ್ತದೆ ಎಂದು ಕೆಲವರು, ಗಿರಾಕಿಗಳ ತಲೆಗೂ ಹಾಕುತ್ತಾನೆ ಎಂದು ಉಳಿದವರು. ಬಗ್ಗಿಯನ್ನು ಕಂಡದ್ದೇ ತಡ, ಮುದುಕ ಕನ್ನಡಕ ಹುಡುಕಾಡಿದ.

"ಎಲ್ಲಿ ಸಿಕ್ತಮ್ಮಾ ಇದು? ಎರಡು ಸಲ ಬಂದಿರೋ ಗಾಡಿ ಇದು, ಗೊತ್ತಾ? ಮೊದಲನೇ ಸಲ ಬಂದಿದ್ದು ಬಹಳ ಹಿಂದೆ. ಆಮೇಲೆ ಅದೇ ಮಾಡೆಲನ್ನ ಕಂಪನಿಯೋರು ಮತ್ತೆ ಬಿಟ್ರು, ನಮ್ಮಂಥ ಹಳೇ ಹುಚ್ಚರಿಗೋಸ್ಕರ. ಅದು ಬಂದು ಹತ್ತು ಹದಿನೈದು ವರ್ಷ ಆಗಿರ್ಬಹುದು. ಮೇಲ್ನೋಟಕ್ಕೆ ಎರಡೂ ಒಂದೇ ಥರ."

ನನಗೆ ಬೇಕಾದದ್ದು ಸಿಕ್ಕಿತು ಅನ್ನಿಸಿತು. ತಮ್ಮ ಹೋದದ್ದು ಅದಕ್ಕೂ ಎಷ್ಟೋ ಮೊದಲು. ಇದು ಎರಡನೆಯ ಸಲದ್ದಾದರೆ ಅಲ್ಲಿಗೆ ಮುಗಿಯಿತು.

"ಇದು ಯಾವ ಸಲದ್ದು?"

"ಗೇರ್ ಪೆಟ್ಟಿಗೆ ಮುಟ್ಟಿ ನೋಡಿ. ಲೋಹದ ಎರಕ. ಎರಡನೇದರಲ್ಲಿ ಪ್ಲಾಸ್ಟಿಕ್. ಸ್ಪೀಡ್ ಕಂಟ್ರೋಲ್ ನೋಡಿ, ತಾಮ್ರದ ಪಟ್ಟಿ ಮೇಲೆ ಜಾರೋ ಸ್ವಿಚ್ಚು. ಎರಡನೇದರಲ್ಲಿ ಎಲೆಕ್ಟ್ರಾನಿಕ್ ಡಬ್ಬಿ ಇರತ್ತೆ. ಅನುಮಾನನೇ ಇಲ್ಲ, ಇದು ಮೊದಲ ಅಚ್ಚಿಂದು." ಟೋಪಿ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದ. "ಕೊಡ್ತೀರಾ?"

"ಇಲ್ಲ" ಎಂದು ಕಸಿದುಕೊಂಡು ಬಂದೆ.

ಮೊದಲ ಅಚ್ಚಿನವೂ ಎಷ್ಟೋ ಮನೆಗಳಲ್ಲಿ ಇದ್ದವು. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಂಗಡಿಗೆ ಬಂದು ಗೇರ್ ಪೆಟ್ಟಿಗೆ ಬಿಚ್ಚಲು ಕೂತೆ. ಹಳೆಯ ಸ್ಕ್ರೂಗಳು ಹಠ ಹಿಡಿಯುತ್ತವೆ ಎಂದು ಎಣ್ಣೆ, ಕಾಯಿಸುವ ಕಡ್ಡಿ ಎಲ್ಲ ಪಕ್ಕಕ್ಕಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಸ್ಕ್ರೂಗಳು ಬೆರಳ ತುದಿಯ ಬಲಕ್ಕೇ ತಿರುಗಿದವು. ಒಳಗಿನ ಗ್ರೀಸು ಜೇನಿನ ಬಣ್ಣದಲ್ಲಿ ಹೊಚ್ಚ ಹೊಸದಾಗಿತ್ತು. ಯಾರೋ ಇತ್ತೀಚೆಗಷ್ಟೇ ಬಿಚ್ಚಿ, ತೊಳೆದು, ಮುಚ್ಚಿದ್ದರು.

ದೊಡ್ಡ ಹಲ್ಲುಚಕ್ರವನ್ನು ಆಕ್ಸಲಿಗೆ ಕಟ್ಟಿಹಾಕುವ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಮುರಿದರೆ ಮೋಟಾರು ತಿರುಗುತ್ತದೆ, ಬಗ್ಗಿ ನಿಂತಲ್ಲೇ ಇರುತ್ತದೆ. ಈ ಬಗ್ಗಿಯಲ್ಲಿ ಕಂಪನಿಯ ಕಡ್ಡಿ ಇರಲಿಲ್ಲ. ಇದ್ದದ್ದು ಹೊಲಿಗೆ ಯಂತ್ರದ ಸೂಜಿಯ ಬುಡ. ಒಂದು ಪಕ್ಕ ಚಪ್ಪಟೆ, ಇನ್ನೊಂದು ಪಕ್ಕ ದುಂಡು. ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಚಪ್ಪಟೆ ಮೈ ಒಳಗೆ ಬರುವ ಹಾಗೆ ಕೂರಿಸಿ, ಎರಡೂ ತುದಿಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದ್ದರು. ಅಪ್ಪ ಪುಟ್ಟ ಪಿನ್ನುಗಳನ್ನೆಲ್ಲ ಹೀಗೇ ಮಾಡುತ್ತಿದ್ದ. ಮುರಿದ ಸೂಜಿ ಬಿಸಾಡಲು ಬಿಡುತ್ತಿರಲಿಲ್ಲ. ನಾನೂ ಹೀಗೇ ಮಾಡುತ್ತೇನೆ. ಜಗತ್ತಿನಲ್ಲಿ ಹೀಗೆ ಮಾಡುವ ಮೂರನೆಯ ಮನುಷ್ಯ ಒಬ್ಬನೇ.

ನಾನು ಅತ್ತೆ. ಗಿರಾಕಿ ಬಂದರೆ ನಗೆಪಾಟಲಾಗುತ್ತದೆಂದು ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಆಸೆಯ ಮೇಲೆ ಅಷ್ಟೊಂದು ಹರಿಹಾಯ್ದವಳ ಎದೆಯಲ್ಲಿ ಅದು ಮೂಟೆ ಬಿಚ್ಚಿ ಕೂತುಬಿಟ್ಟಿತ್ತು. ಅಳು ನಿಂತ ಮೇಲೆ ಸಿಟ್ಟು ಬಂತು. ಗ್ರೀಸು ಹಸಿಯಾಗಿದೆ ಅಂದರೆ ಇಲ್ಲೇ ಎಲ್ಲೋ ಇದ್ದಾನೆ, ಕತ್ತೆ. ಇದ್ದೂ ಮುಖ ತೋರಿಸಿಲ್ಲ.

ಮುಂದಿನ ವಾರ ಗುಜರಿಯವನು ಬಂದಾಗ ಕೇಳಿದೆ, "ಅವತ್ತು ಆ ಬಗ್ಗಿ ಕೊಟ್ಟೆಯಲ್ಲ, ಎಲ್ಲಿ ಸಿಕ್ತು?"

"ಇಲ್ಲೇ ತಿರುವಿನಾಚೆ, ಬಣ್ಣದಂಗಡಿ ಮಹಡಿ ಮೇಲಿನ ರೂಮಿಂದು. ಇನ್ನೇನೇನೋ ಇತ್ತು, ಚಾಪೆ, ಪಾತ್ರೆ."

ತಿರುವಿನಾಚೆ! ನಾನು ದಾರ ತರಲು ಹೋಗುವ ದಾರಿ ಅದು. ಬಗ್ಗಿ ಯಾಕೆ ಗುಜರಿಗೆ ಬಂತೆಂದು ನನಗೆ ಆಗಲೇ ಅರ್ಥವಾಯಿತು, ಅಥವಾ ಆಯಿತೆಂದುಕೊಂಡೆ. ತಮ್ಮ ಮೊದಲಿಂದಲೂ ಹಾಗೇ. ಒಂದು ಕೆಲಸ ಕೈಗೆ ಹತ್ತದಿದ್ದರೆ ಸಿಡುಕಿ ಎತ್ತಿ ಎಸೆಯುತ್ತಿದ್ದ, ಥೇಟು ಅಪ್ಪನ ಮಗ. ಗೇರ್ ಸರಿಮಾಡಿದ್ದಾನೆ, ಸ್ಪೀಡ್ ಕಂಟ್ರೋಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಬೇಸತ್ತು ಮನೆಯ ಹಳೇ ಸಾಮಾನಿನ ಜೊತೆ ಅದನ್ನೂ ಬಿಸಾಕಿದ್ದಾನೆ.

ಆಗಲೇ ಎದ್ದು ಹೋಗಬೇಕಿತ್ತು. ಆದರೆ ಹೋಗಿ ಏನು ಹೇಳುವುದು? ಇಷ್ಟು ವರ್ಷದ ಮೇಲೆ ಬಾಗಿಲು ತಟ್ಟಿ 'ಏನೋ, ಊಟ ಆಯ್ತಾ?' ಎಂದು ಕೇಳುವುದೇ? ಬೈದುಬಿಟ್ಟರೆ ಮತ್ತೆ ಓಡಿಹೋದಾನು. ಬಗ್ಗಿ ಕೈಯಲ್ಲಿದ್ದರೆ ಮಾತಿನ ಹಂಗಿಲ್ಲ. ಓಡುವ ಬಗ್ಗಿಯನ್ನು ಅವನ ಬಾಗಿಲ ಮುಂದೆ ಇಟ್ಟು ರಿಮೋಟ್ ಒತ್ತಿದರೆ ಸಾಕು, ಉಳಿದದ್ದನ್ನು ಅದೇ ಹೇಳುತ್ತದೆ. ಅಲ್ಲದೆ ನಮ್ಮ ಅಂಗಡಿಯಿಂದ ಅರ್ಧ ಕೆಲಸವಾದ ಯಂತ್ರ ಒಂದು ದಿನವೂ ಹೊರಗೆ ಹೋದದ್ದಿಲ್ಲ. ಮೊದಲು ರಿಪೇರಿ, ಆಮೇಲೆ ಭೇಟಿ ಎಂದು ತೀರ್ಮಾನ ಮಾಡಿದೆ.

ಅಷ್ಟು ಪ್ರೀತಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ತಾಮ್ರದ ಪಟ್ಟಿಯ ಮೇಲಿನ ಮಸಿಯನ್ನು ರಬ್ಬರಿನಿಂದ ಉಜ್ಜಿ ತೆಗೆದೆ. ಅದರ ಮೇಲೆ ಜಾರುವ ನಾಲಗೆ ಸುಟ್ಟುಹೋಗಿತ್ತು. ಬಾಬಿನ್ ಕೇಸಿನ ಪುಟ್ಟ ಎಲೆಸ್ಪ್ರಿಂಗನ್ನು ಬಗ್ಗಿಸಿ ಹೊಸ ನಾಲಗೆ ಮಾಡಿದೆ. ಮೋಟಾರಿಗೆ ಹೊಸ ಕಾರ್ಬನ್ ಹಾಕಿದೆ. ಟೋಪಿ ತನ್ನ ಡಬ್ಬಿಗಳನ್ನೆಲ್ಲ ತಡಕಾಡಿ ಅದೇ ಅಚ್ಚಿನ ಮುಂದಿನ ತೋಳು, ಒಂದು ಜೊತೆ ಟೈರು, ಹಳೆಯ ರಿಮೋಟು ಕೊಟ್ಟ. ರಿಮೋಟಿಗೂ ಬಗ್ಗಿಗೂ ಒಂದೇ ಜೋಡಿಯ ಕ್ರಿಸ್ಟಲ್ ಬೇಕು, ಇಲ್ಲವಾದರೆ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಆ ಜೋಡಿ ಟೋಪಿಯ ಬಳಿ ಇರಲಿಲ್ಲ. ದೂರದೂರಿನ ಯಾರೋ ಗೆಳೆಯನಿಂದ ಅಂಚೆಯಲ್ಲಿ ಬರಬೇಕಿತ್ತು. ಅದಕ್ಕೆ ಕಾದೆ.

ಕಾಯುವ ದಿನಗಳಲ್ಲಿ ನೆಪ ಮಾಡಿಕೊಂಡು ಬಣ್ಣದಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಮಹಡಿಯ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಒಂದು ನೀಲಿ ಅಂಗಿ ಒಣಗುತ್ತಿತ್ತು. ಅದನ್ನು ನೋಡಿದರೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಭುಜದ ಅಗಲ ನೋಡಿ, ಪರವಾಗಿಲ್ಲ, ಮೈ ಕೈ ತುಂಬಿಕೊಂಡಿದ್ದಾನೆ ಎಂದುಕೊಂಡೆ. ಒಂದು ದಿನ ಅಂಗಿಯ ಗುಂಡಿ ಕಿತ್ತುಹೋಗಿರುವುದು ಕಂಡು ಬೀದಿಯಲ್ಲಿ ನಿಂತೇ ಬೈದೆ.

ಅಮ್ಮನಿಗೆ ಹೇಳಿರಲಿಲ್ಲ. ಅವನನ್ನೇ ಕರೆತಂದು ಅವಳ ಮುಂದೆ ನಿಲ್ಲಿಸುವುದು ನನ್ನ ಲೆಕ್ಕಾಚಾರ. ಅವಳು ದಿನಾ ಬಾಗಿಲವರೆಗೆ ಬಂದು ಕೇಳುತ್ತಿದ್ದಳು, "ಗೊತ್ತಾಯ್ತೇನೇ?"

"ಇನ್ನೂ ನೋಡ್ತಾ ಇದ್ದೀನಮ್ಮ."

ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ತಟ್ಟೆಯಲ್ಲಿ ಕೈಯಾಡಿಸಿ ಎದ್ದುಬಿಡುತ್ತಿದ್ದಳು. ಮಗನ ಆಸೆ, ಇನ್ನು ಸ್ವಲ್ಪ ದಿನ ತಡಿ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ.

ಕ್ರಿಸ್ಟಲ್ ಬಂದ ದಿನವೇ ಹಿತ್ತಲಿನ ಸಿಮೆಂಟು ನೆಲದ ಮೇಲೆ ಬಗ್ಗಿಯನ್ನಿಟ್ಟು ರಿಮೋಟ್ ಒತ್ತಿದೆ. ಒಂದು ಸಲ ಬೆಚ್ಚಿಬಿದ್ದ ಹಾಗೆ ನಡುಗಿ, ಜುಯ್ಯೆಂದು ಗೋಡೆಯವರೆಗೆ ಓಡಿತು. ಹಿಂದಕ್ಕೆ ಕರೆದರೆ ಹಿಂದಕ್ಕೆ ಬಂತು. ಈ ವಯಸ್ಸಿನಲ್ಲಿ ನಾನು ಚಪ್ಪಾಳೆ ತಟ್ಟಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಒಗೆದ ಬಟ್ಟೆ ಉಟ್ಟು, ಬಗ್ಗಿಯನ್ನು ಚೀಲದಲ್ಲಿಟ್ಟುಕೊಂಡು ಮಹಡಿ ಹತ್ತಿದೆ. ಬಾಗಿಲು ತಟ್ಟಿದೆ. ನೀಲಿ ಅಂಗಿ ತೊಟ್ಟ ಒಬ್ಬ ಗಂಡಸು ಬಾಗಿಲು ತೆರೆದ. ಅವನನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಾನಿಲ್ಲಿಗೆ ಹೊಸಬ. ಮೊದಲಿದ್ದೋರ ಬಗ್ಗೆ ಕೆಳಗಡೆ ಕೇಳಿ" ಎಂದ.

ಕೆಳಗೆ ಬಣ್ಣದಂಗಡಿಯವನು ಡಬ್ಬಿಯೊಂದರಲ್ಲಿ ಕೋಲು ಹಾಕಿ ಬಣ್ಣ ಕಲಸುತ್ತಿದ್ದ. ಕಟ್ಟಡವೂ ಅವನದೇ.

"ಓ, ಅವ್ರಾ? ತೆಳ್ಳಗೆ, ಕೆಮ್ತಾ ಇದ್ರಲ್ಲ? ಮೆಟ್ಟಿಲ ಮೇಲೆ ಬಿದ್ದುಬಿಟ್ರು ಕಣ್ರೀ. ನಾನೇ ದೊಡ್ಡಾಸ್ಪತ್ರೆಗೆ ಸೇರಿಸಿ ಬಂದೆ. ವಾಪಸ್ ಬರೋ ಹಾಗೆ ಕಾಣ್ಲಿಲ್ಲ, ರೂಮಿಗೆ ಬೇರೆಯೋರು ಕಾಯ್ತಿದ್ರು. ಸಾಮಾನು ಗುಜರಿಗೆ ಹಾಕ್ದೆ. ನೀವು ಅವ್ರಿಗೇನಾಗ್ಬೇಕು?"

"ಅಕ್ಕ."

ಕೋಲು ನಿಂತಿತು. "ನಿಮ್ಮ ವಿಷಯ ಹೇಳೋರು. ಒಂದು ಆಟದ ಕಾರು ಇಟ್ಕೊಂಡು ಅದರ ಜೊತೆ ಗುದ್ದಾಡ್ತಾ ಇರೋರು ಯಾವಾಗ್ಲೂ. ಇದು ಓಡಿದ ದಿನ ಅಕ್ಕನ ಅಂಗಡಿಗೆ ಹೋಗ್ತೀನಿ, ಮುರಿದ ಸಾಮಾನು ಹಿಡ್ಕೊಂಡು ಹೋದ ಬಾಗಿಲಿಗೆ ಮುರಿದಿದ್ದನ್ನೇ ತಗೊಂಡು ಹೋಗೋದು ಹ್ಯಾಗೆ ಅನ್ನೋರು. ಯಾವ ಅಂಗಡಿ, ಎಲ್ಲಿ ಅಂತ ನಾನೂ ಕೇಳ್ಲಿಲ್ಲ. ಎಲ್ಲಿದೆ ನಿಮ್ಮಂಗಡಿ?"

"ಇಲ್ಲೇ. ತಿರುವಿನಾಚೆ."

"ಅಯ್ಯೋ" ಎಂದವನು ಆಸ್ಪತ್ರೆ ಕಡೆಯ ಬಸ್ಸು ನಿಲ್ಲುವ ಜಾಗ ತೋರಿಸಿದ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಸಿಗ್ನಲಿನಲ್ಲಿ ನಿಂತಾಗಲೆಲ್ಲ ಡ್ರೈವರನ ಮೇಲೆ ಹಲ್ಲು ಕಡಿದೆ. ಆಸ್ಪತ್ರೆಯಲ್ಲಿದ್ದರೆ ಇರಲಿ, ಕಾಯಿಲೆ ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತದೆಯೇ, ಮನೆಗೆ ಕರೆತಂದು ನೋಡಿಕೊಂಡರಾಯಿತು ಎಂದು ಹೇಳಿಕೊಂಡೆ.

ವಾರ್ಡಿನ ನರ್ಸಮ್ಮ ನನ್ನ ಮಾತು ಕೇಳಿ ಮೂಲೆಯ ಹಾಸಿಗೆಯ ಕಡೆ ನೋಡಿದಳು. ಅಲ್ಲಿ ಬೇರೊಬ್ಬ ಮುದುಕ ಮಲಗಿದ್ದ.

"ಈ ವಾರದ ಮೊದಲಲ್ಲೇ ಹೋಗ್ಬಿಟ್ರಮ್ಮ. ಶವಾಗಾರದಲ್ಲಿ ಇಟ್ಟಿದ್ವಿ. ಯಾರೂ ಬರ್ಲಿಲ್ಲ. ನಿನ್ನೆ ನಗರಸಭೆಯೋರು ತಗೊಂಡು ಹೋಗಿ ಮುಗಿಸಿದ್ರು."

ನಿನ್ನೆ ನಾನು ಹಿತ್ತಲಲ್ಲಿ ಚಪ್ಪಾಳೆ ತಟ್ಟುತ್ತಿದ್ದೆ.

"ಇಲ್ಲಿದ್ದಾಗ ಮಾತಾಡ್ತಿದ್ನಾ?"

"ಸುಮಾರು ದಿನ ಚೆನ್ನಾಗೇ ಮಾತಾಡ್ತಿದ್ರು. ಊಟನೂ ಮಾಡೋರು. ಮನೆಯೋರಿಗೆ ಹೇಳಿ ಕಳಿಸ್ಲಾ ಅಂತ ನಾನೇ ಕೇಳ್ದೆ. ಬೇಡ ಸಿಸ್ಟರ್, ಸ್ವಲ್ಪ ಸುಧಾರಿಸ್ಕೊಂಡು ನಾನೇ ನಡ್ಕೊಂಡು ಹೋಗ್ತೀನಿ, ಹೀಗಿರೋದನ್ನ ಅವ್ರು ನೋಡೋದು ಬೇಡ ಅಂದ್ರು. ಕೊನೇಲಿ ಹೇಳ್ಬೇಕು ಅನ್ನಿಸ್ತೋ ಏನೋ, ಆಗ ಮಾತು ನಿಂತೋಗಿತ್ತು."

ತನ್ನನ್ನೂ ರಿಪೇರಿ ಮಾಡಿಕೊಂಡೇ ಬರಬೇಕೆಂದಿದ್ದ. ಎಂಥಾ ಮನೆಯಲ್ಲಿ ಹುಟ್ಟಿದೆವು ನಾವಿಬ್ಬರೂ! ನಾನು ತಾಮ್ರದ ಪಟ್ಟಿ ಉಜ್ಜುತ್ತಿದ್ದಾಗ ಅವನು ಈ ಮೂಲೆಯಲ್ಲಿ ಊಟ ಮಾಡುತ್ತಿದ್ದ. ನಾನು ಕ್ರಿಸ್ಟಲಿಗೆ ಕಾಯುತ್ತ, ಯಾರದೋ ಅಂಗಿಯ ಗುಂಡಿಗೆ ಬೈಯುತ್ತಿದ್ದಾಗ ಅವನು ಬದುಕಿದ್ದ. ಗುಜರಿಯವನನ್ನು ಮೊದಲ ದಿನವೇ ಒಂದು ಮಾತು ಕೇಳಿದ್ದರೆ ಮುಖ ನೋಡುತ್ತಿದ್ದೆ. ಬೈಯುತ್ತಿದ್ದೆ. ಅಮ್ಮನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬರುತ್ತಿದ್ದೆ. ನರ್ಸಮ್ಮ ನೀರು ಕೊಟ್ಟಳು. ಕುಡಿದು ಲೋಟ ವಾಪಸ್ಸು ಕೊಟ್ಟು ಚೀಲ ಎತ್ತಿಕೊಂಡೆ.

ವಾಪಸ್ಸು ಬಸ್ಸು ಹತ್ತದೆ ನಡೆದೇ ಬಂದೆ. ಅಮ್ಮನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದೆ, ಜೋಡಿಸಿದ್ದು ಕಳಚಿಬಿತ್ತು. ನಿನ್ನ ಮಗ ಪಕ್ಕದ ಬೀದಿಯಲ್ಲಿದ್ದ, ಸತ್ತ, ಅನಾಥನೆಂದು ಸುಟ್ಟರು, ನಾನು ಆಗ ಟೈರು ಬದಲಾಯಿಸುತ್ತಿದ್ದೆ. ಇದನ್ನು ಯಾವ ಬಾಯಿಂದ ಹೇಳುವುದು?

ಅಮ್ಮ ಅಂಗಡಿಯಲ್ಲೇ ಕೂತಿದ್ದಳು. ಮಧ್ಯಾಹ್ನದ ಅಡುಗೆ ಮುಗಿಸಿ ಕಾದಿದ್ದಳು. ನಾನು ಚೀಲದಿಂದ ಬಗ್ಗಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

"ಗೊತ್ತಾಯ್ತಾ?"

"ಗೊತ್ತಾಯ್ತು. ಅವನದಲ್ಲ ಅಮ್ಮ."

"ಖಾತ್ರಿನಾ?"

"ಖಾತ್ರಿ. ಇದು ಎರಡನೇ ಸಲ ಬಂದಿದ್ದು. ಅವನು ಹೋದಾಗ ಇದಿನ್ನೂ ತಯಾರೇ ಆಗಿರ್ಲಿಲ್ಲ."

ಅವಳ ಮುಖ ಬಾಡುತ್ತದೆಂದು ನಾನು ಬೇರೆ ಕಡೆ ನೋಡುತ್ತಿದ್ದೆ. ಅವಳು ಉಸಿರು ಬಿಡುವುದು ಕೇಳಿಸಿತು. ತಿರುಗಿದರೆ ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಹಾಗೆ ನಕ್ಕದ್ದನ್ನು ನೋಡಿ ವರ್ಷಗಳೇ ಆಗಿದ್ದವು.

"ಅಬ್ಬಾ! ಹೋದ ಜೀವ ಬಂತು ಕಣೇ. ನೀನು ಅದನ್ನ ಬಿಚ್ತಾ ಕೂತಿದ್ರೆ ನಂಗೆ ಗಂಟಲಲ್ಲಿ ಅನ್ನ ಇಳೀತಿರ್ಲಿಲ್ಲ. ಉಸಿರಿರೋವರ್ಗೂ ಅವನು ಅದನ್ನ ಕೈ ಬಿಡೋನಾ? ಅವನದೇ ಆಗಿದ್ದು ಗುಜರಿಗೆ ಬಂತು ಅಂದ್ರೆ..." ಅಲ್ಲಿಗೆ ನಿಲ್ಲಿಸಿ ತಲೆ ಕೊಡವಿದಳು. "ಬಿಡು. ಅವನದು ಅವನ ಹತ್ರಾನೇ ಇದೆ. ಎಲ್ಲೋ ಒಂದು ಕಡೆ ಚೆನ್ನಾಗಿದ್ದಾನೆ."

ತಟ್ಟೆ ಹಾಕಿದಳು. ತಾನೂ ನನ್ನ ಪಕ್ಕದಲ್ಲಿ ಕೂತು ಚೆನ್ನಾಗಿ ಉಂಡಳು, ಎರಡನೆಯ ಸಲ ಬಡಿಸಿಕೊಂಡಳು. ಕೈ ತೊಳೆದು ಬಂದವಳು ಮೊದಲ ಸಲ ಬಗ್ಗಿಯನ್ನು ಕೈಗೆತ್ತಿಕೊಂಡು, ಒಂದು ಬಟ್ಟೆ ತುಂಡಿನಿಂದ ಅದರ ಚಕ್ರಗಳನ್ನು ಒರೆಸಿದಳು.

"ಪಾಪ, ಯಾವ ತಾಯಿಯ ಮಗಂದೋ" ಎಂದಳು. "ಅವಳಿಗೆ ಗೊತ್ತಾಗಿದ್ಯೋ ಇಲ್ವೋ."

ನಾನು ತಟ್ಟೆಯ ಮುಂದೆ ಹಾಗೇ ಕೂತಿದ್ದೆ.

"ನೀನ್ಯಾಕೇ ಹೀಗೆ ಕೂತಿದ್ದೀಯ? ಆರಿಹೋಗತ್ತೆ, ತಿನ್ನು" ಎಂದಳು ಅಮ್ಮ.

ತಿಂದೆ.